ಕೊಪ್ಪಳದ 1,920 ಮನೆ ಮತ್ತೆ ಅರ್ಧಕ್ಕೆ ನಿಂತ ಗುಳಿಗೆ: ಒಂದು ಪ್ರಕರಣ ಅಧ್ಯಯನ

ಗಂಡಸರಿಗೂ ಹೆಂಗಸರಿಗೂ ಇರೋ ಅಂತರ ಕಮ್ಮಿ ಆಗಿದೆ ಅಂತ ಯಾವ್ದಾದ್ರೂ ರಿಪೋರ್ಟಲ್ಲಿ ಕಂಡ್ರೆ ಒಂಥರಾ ಸಮಾಧಾನ ಆಗುತ್ತೆ, ನನಗೂ ಹಂಗೇ ಆಗ್ತಿತ್ತು. ಕೊಪ್ಪಳ ಜಿಲ್ಲೆ ಮೇಲೆ ನಡೆದ ಒಂದು ಸ್ಟಡಿ ಓದಿದ ಮೇಲೆ ಆ ಸಮಾಧಾನ ಅಷ್ಟು ಸಲೀಸಾಗಿ ಬರ್ತಾ ಇಲ್ಲ. ಯಾಕಂದ್ರೆ ಅಲ್ಲಿ ವರ್ಷಗಟ್ಟಲೆ ಇರೋ ಕಾಯಿಲೆಗಳಿಗೆ ತಗೊಳ್ತಿದ್ದ ಟ್ರೀಟ್‌ಮೆಂಟ್ ಅರ್ಧಕ್ಕೆ ಬಿಟ್ಟುಹೋಗೋ ವಿಷಯದಲ್ಲಿ ಗಂಡು ಹೆಣ್ಣಿನ ಅಂತರ ಕಮ್ಮಿ ಇದ್ದಿದ್ದು ಎಲ್ಲಿ ಗೊತ್ತಾ, ಕಡುಬಡವರ ಮನೆಗಳಲ್ಲಿ. ಅಲ್ಲೇನು ಹೆಂಗಸರಿಗೆ ಔಷಧಿ ಸರಿಯಾಗಿ ಸಿಗ್ತಿರಲಿಲ್ಲ, ಗಂಡಸರಿಗೂ ಸಿಗದ ಸ್ಥಿತಿ ಬಂದಿತ್ತು, ಅಷ್ಟೇ. ಲೆಕ್ಕದಲ್ಲಿ ಅಂತರ ಹೋಯ್ತು, ಮನೇಲಿ ಇಬ್ಬರದ್ದೂ ಗುಳಿಗೆ ನಿಂತಿತ್ತು.

ಈ ಒಂದು ಕೇಸನ್ನ ಸ್ವಲ್ಪ ಉದ್ದಕ್ಕೇ ಬರೀತೀನಿ, ಯಾಕಂದ್ರೆ ಡೇಟಾ ಇಟ್ಕೊಂಡು ಆರೋಗ್ಯದ ಅಸಮಾನತೆ ಬಗ್ಗೆ ಕೆಲಸ ಮಾಡೋರು, ಮಾಡ್ಬೇಕು ಅಂತ ಇರೋ ಎಂ.ಎ. ಹುಡುಗ್ರು ಹುಡ್ಗೀರು, ನಮ್ಮ ಪಕ್ಕದಲ್ಲೇ ಇಂಥದ್ದೊಂದು ಕೆಲಸ ಆಗಿದೆ ಅಂತ ಗೊತ್ತಿಲ್ದೆ ಲಂಡನ್ನು, ಅಮೆರಿಕಾದ ಉದಾಹರಣೆಗಳನ್ನೇ ಓದ್ಕೊಂಡು ಪಾಸಾಗ್ತಾರೆ. ನಾನೂ ಹಂಗೇ ಪಾಸಾದೋನು, ಅದೂ ಯಲಬುರ್ಗಾ ತಾಲೂಕಲ್ಲಿ ಹುಟ್ಟಿ.

ಮೊದಲು ಜಾಗ. ಕೊಪ್ಪಳ 1997ರಲ್ಲಿ ರಾಯಚೂರಿಂದ ಬೇರೆಯಾಗಿ ಜಿಲ್ಲೆ ಆಗಿದ್ದು. ಸ್ಟಡಿ ನಡೆದಾಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಅಂತ ನಾಲ್ಕೇ ತಾಲೂಕು. ಗಂಗಾವತಿ ಕಡೆ ತುಂಗಭದ್ರಾ ನೀರು, ಭತ್ತ, ರೈಸ್ ಮಿಲ್ಲು. ಕುಷ್ಟಗಿ ಯಲಬುರ್ಗಾ ಕಡೆ ಬಂದ್ರೆ ಮಳೆ ನಂಬಿದ ಹೊಲ, ಜೋಳ, ಸಜ್ಜೆ, ಕಡಲೆ, ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಕೊಂಡು ಗುಳೆ ಹೋಗೋ ಜನ. ಯಾವ ತಾಲೂಕು ಎಷ್ಟು ಹಿಂದುಳಿದಿದೆ ಅಂತ ನೋಡೋಕೆ ಸರ್ಕಾರ ಮಾಡಿದ್ದ ನಂಜುಂಡಪ್ಪ ಸಮಿತಿ 2002ರಲ್ಲಿ ರಿಪೋರ್ಟ್ ಕೊಟ್ಟಾಗ ಈ ಎರಡೂ ತಾಲೂಕು ಅತ್ಯಂತ ಹಿಂದುಳಿದ ಪಟ್ಟಿಯಲ್ಲಿದ್ವು. 2001ರ ಜನಗಣತಿ ಪ್ರಕಾರ ಜಿಲ್ಲೆಯಲ್ಲಿ ಹತ್ತು ಹೆಣ್ಣುಮಕ್ಕಳಲ್ಲಿ ಹೆಚ್ಚುಕಮ್ಮಿ ನಾಲ್ಕು ಜನಕ್ಕೆ ಮಾತ್ರ ಓದು ಬರಹ ಬರ್ತಿತ್ತು. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಇನ್ನೂ ಹತ್ತು ವರ್ಷ ದೂರ ಇತ್ತು, ಆಶಾ ಕಾರ್ಯಕರ್ತೆಯರು ಅನ್ನೋ ಹೆಸರೇ ಇನ್ನೂ ಬಂದಿರಲಿಲ್ಲ, ಸರ್ಕಾರಿ ದುಡ್ಡಲ್ಲಿ ದೊಡ್ಡಾಸ್ಪತ್ರೇಲಿ ಆಪರೇಷನ್ ಮಾಡಿಸೋ ಕಾರ್ಡೂ ಇರಲಿಲ್ಲ.

ಆ ಹೊತ್ತಲ್ಲಿ ಬೆಂಗಳೂರಿನ ಐಐಎಂನಿಂದ ಅರ್ಥಶಾಸ್ತ್ರಜ್ಞೆ ಗೀತಾ ಸೇನ್ ಅವರ ಜೊತೆ ಅದಿತಿ ಅಯ್ಯರ್, ಆಶಾ ಜಾರ್ಜ್ ಇದ್ದ ತಂಡ ಈ ಜಿಲ್ಲೆಗೆ ಬಂತು. 2002ರಲ್ಲಿ ಅವರು 60 ಹಳ್ಳಿ, 1,920 ಮನೆ, ಒಟ್ಟು 12,328 ಜನರ ಆರೋಗ್ಯದ ಸರ್ವೆ ಮಾಡಿದ್ರು. ಒಂದು ಜಿಲ್ಲೆಯೊಳಗೆ ಇಷ್ಟು ಮಂದಿ ಅಂದ್ರೆ ಸಣ್ಣ ಕೆಲಸ ಅಲ್ಲ ಮಾರಾಯ್ರೆ, ನಾನೇ ಸರ್ವೆ ಫಾರ್ಮ್ ಹಿಡ್ಕೊಂಡು ಹಳ್ಳಿ ಸುತ್ತಿದೋನು, ದಿನಕ್ಕೆ ಐದು ಮನೆ ಸರಿಯಾಗಿ ಮುಗಿಸೋಷ್ಟರಲ್ಲಿ ನಾಲಿಗೆ ಒಣಗಿರುತ್ತೆ. ಇದರಿಂದ ಬಂದ ಮುಖ್ಯವಾದ ಪೇಪರ್ 2007ರಲ್ಲಿ ಇಂಟರ್‌ನ್ಯಾಷನಲ್ ಜರ್ನಲ್ ಆಫ್ ಹೆಲ್ತ್ ಸರ್ವಿಸಸ್‌ನಲ್ಲಿ ಪ್ರಿಂಟ್ ಆಯ್ತು. ನಾನು ಇಲ್ಲಿ ಹೇಳ್ತಿರೋದು ಜಾಸ್ತಿ ಅದನ್ನೇ.

ಅವರ ಪ್ರಶ್ನೆ ನೋಡೋಕೆ ಸರಳ. ಮನೇಲಿ ಬಹಳ ದಿನದಿಂದ ಕಾಯಿಲೆ ಇರೋರಿದ್ದಾರೆ, ಅವರಲ್ಲಿ ಯಾರಿಗೆ ಟ್ರೀಟ್‌ಮೆಂಟ್ ಸಿಗ್ತಿದೆ, ಯಾರಿಗೆ ಸಿಗ್ತಿಲ್ಲ? ಆದ್ರೆ ಸಿಗ್ತಿದೆ, ಸಿಗ್ತಿಲ್ಲ ಅಂತ ಎರಡೇ ಖಾನೆ ಮಾಡಿಬಿಟ್ಟಿದ್ರೆ ಈ ಕೇಸ್ ಬಗ್ಗೆ ಬರೆಯೋಕೆ ಏನೂ ಇರ್ತಿರಲಿಲ್ಲ. ಅವರು ಮೂರು ಮಾಡಿದ್ರು. ಒಂದು, ಒಂದು ಸಲಾನೂ ಟ್ರೀಟ್‌ಮೆಂಟೇ ತಗೊಳ್ಳದೇ ಇರೋರು. ಎರಡು, ಶುರು ಮಾಡಿ ಮಧ್ಯ ಬಿಟ್ಟೋರು. ಮೂರು, ಇವತ್ತಿಗೂ ಮುಂದುವರ್ಸ್ತಾ ಇರೋರು. ಬಿಪಿ, ಶುಗರ್, ದಮ್ಮು, ಮಂಡಿನೋವು ಇವೆಲ್ಲ ಒಂದು ಸೂಜಿಗೆ ಹೋಗೋ ಕಾಯಿಲೆ ಅಲ್ವಲ್ಲ, ತಿಂಗಳು ತಿಂಗಳು ದುಡ್ಡು ಕೇಳ್ತಾನೇ ಇರ್ತವೆ, ಹಂಗಾಗಿ ದವಾಖಾನೆ ಮೆಟ್ಟಿಲೇ ಹತ್ತದೇ ಇರೋದು ಒಂದು ಕಥೆ, ಹತ್ತಿ ವಾಪಸ್ ಬಂದಿದ್ದು ಇನ್ನೊಂದು ಕಥೆ. ಎರಡಕ್ಕೂ ಕಾರಣ ಬೇರೆ.

ಮೊದಲನೇ ಖಾನೆಯಲ್ಲಿ ಅವರಿಗೆ ಕಂಡಿದ್ದು ಏನಂದ್ರೆ, ಟ್ರೀಟ್‌ಮೆಂಟೇ ಸಿಗದೇ ಇರೋ ಸಾಧ್ಯತೆ ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ, ಬಡವರ ಮನೇಲೂ ಜಾಸ್ತಿ, ಅನುಕೂಲಸ್ಥರ ಮನೇಲೂ ಜಾಸ್ತಿ. ಈ ಎರಡನೇ ಭಾಗದ ಹತ್ರ ಸ್ವಲ್ಪ ನಿಲ್ಲಬೇಕು. ದುಡ್ಡಿಲ್ಲದ ಮನೇಲಿ ಹೆಂಗಸಿಗೆ ಔಷಧಿ ಇಲ್ಲ ಅಂದ್ರೆ ಬಡತನ ಅಂತೀವಿ. ದುಡ್ಡಿರೋ ಮನೇಲೂ ಅದೇ ಕತೆ ಅಂದ್ರೆ ಬಡತನದ ಮೇಲೆ ಹಾಕೋಕಾಗಲ್ಲ. ಸಂಶೋಧಕರು ಇದನ್ನ ಶುದ್ಧ ಲಿಂಗ ತಾರತಮ್ಯ ಅನ್ನೋ ಅರ್ಥದಲ್ಲಿ ಕರೀತಾರೆ. ಆ ಮನೆಗಳಲ್ಲಿ ಹೆಣ್ಣಿನ ನೋವು ಕಾಯಿಲೆ ಅಂತಾನೇ ಲೆಕ್ಕಕ್ಕೆ ಬಂದಿರಲ್ಲ, ಇನ್ನು ಅದಕ್ಕೆ ಖರ್ಚು ಮಾಡೋ ಮಾತೆಲ್ಲಿ.

ಇದು ನನಗೆ ಓದಿ ತಿಳಿದಿದ್ದಕ್ಕಿಂತ ಮುಂಚೆ ಕಣ್ಣಾರೆ ಕಂಡಿದ್ದೆ, ಆದ್ರೆ ಕಂಡಾಗ ತಿಳೀಲಿಲ್ಲ. ಎಂ.ಎ. ಮುಗಿಸಿದ ವರ್ಷ ಒಂದು ಸಂಸ್ಥೆಯ ಆರೋಗ್ಯ ಸರ್ವೆಯಲ್ಲಿ ಎನ್ಯೂಮರೇಟರ್ ಆಗಿ ಹಳ್ಳಿಗಳಿಗೆ ಹೋಗ್ತಿದ್ದೆ. ಒಂದು ಮನೆ ಕಟ್ಟೆ ಮೇಲೆ ಕೂತು ಯಜಮಾನ್ರನ್ನ ಕೇಳ್ದೆ, ಹಿಂದಿನ ಹದಿನೈದು ದಿನದಾಗ ಮನ್ಯಾಗ ಯಾರಿಗಾದ್ರೂ ಆರಾಮ ಇರಲಿಲ್ಲೇನ್ರಿ ಅಂತ. "ಇಲ್ರಿ, ದೇವ್ರ ದಯಾ, ಎಲ್ಲಾರೂ ಆರಾಮ ಅದೀವಿ." ನಾನು ಇಲ್ಲ ಅಂತ ಟಿಕ್ ಮಾಡಿ ಮುಂದಿನ ಪುಟಕ್ಕೆ ಹೋದೆ. ಚಹಾ ತಂದ ಅಕ್ಕ ಗೋಡೆ ಹಿಡ್ಕೊಂಡು ಸೊಂಟ ಬಗ್ಗಿಸಿಕೊಂಡೇ ನಡೀತಿದ್ರು. ನನ್ನ ಜೊತೆ ಇದ್ದ ಹುಡುಗಿ ಕಪ್ಪು ವಾಪಸ್ ಕೊಡೋ ನೆಪದಲ್ಲಿ ಒಳಗ ಹೋಗಿ ಕೇಳಿದ್ಲು, ಅಕ್ಕಾ ಸೊಂಟ ನೋವು ಯಾವಾಗಿಂದ ಐತಿ ಅಂತ. "ಅದು ಬ್ಯಾನಿ ಏನ್ ಯವ್ವಾ, ಮಗಾ ಹುಟ್ಟಿದಾಗಿಂದ ಐತಿ." ಮಗ ಪಿಯುಸಿ ಓದ್ತಿದ್ದ. ಹದಿನಾರು ಹದಿನೇಳು ವರ್ಷದ ನೋವು, ಸುಳ್ಳು ಹೇಳ್ತಿರಲಿಲ್ಲ ಆಕೆ, ಆಕೆ ಪ್ರಕಾರ ಅದು ಬ್ಯಾನಿನೇ ಅಲ್ಲ, ಅಂದ್ರೆ ಕಾಯಿಲೆನೇ ಅಲ್ಲ. ನನ್ನ ಫಾರ್ಮಲ್ಲಿ ಆ ಮನೆ ಪೂರ್ತಿ ಆರೋಗ್ಯವಂತ ಮನೆ ಆಗಿತ್ತು.

ಇದು ಕೊಪ್ಪಳಕ್ಕೇ ಸೀಮಿತ ಅಲ್ಲ. 1944ರಲ್ಲಿ, ಬಂಗಾಳದ ಬರಗಾಲದ ಮರುವರ್ಷ, ಕಲ್ಕತ್ತಾ ಹತ್ರದ ಸಿಂಗೂರಿನಲ್ಲಿ ಗಂಡ ಸತ್ತ ಹೆಂಗಸರನ್ನೂ ಹೆಂಡತಿ ಸತ್ತ ಗಂಡಸರನ್ನೂ ನಿಮ್ಮ ಆರೋಗ್ಯ ಹೆಂಗಿದೆ ಅಂತ ಕೇಳಿದ ಒಂದು ಸರ್ವೆ ಇದೆ. ಗಂಡಸರಲ್ಲಿ ಶೇ 48.5 ಜನ ನಮಗೆ ಆರಾಮಿಲ್ಲ, ಅಷ್ಟಕ್ಕಷ್ಟೇ ಅಂದ್ರು. ವಿಧವೆಯರಲ್ಲಿ ಹಂಗಂದೋರು ಶೇ 2.5 ಮಾತ್ರ. ಆ ಕಾಲದ ಬಂಗಾಳದಲ್ಲಿ ವಿಧವೆಯರು ಅಷ್ಟು ಗಟ್ಟಿಮುಟ್ಟಾಗಿ ಇದ್ರು ಅಂತ ಯಾರಾದ್ರೂ ನಂಬ್ತಾರಾ? ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಇದನ್ನ ಎತ್ತಿ ತೋರಿಸಿದ್ದು ಇದೇ ಕಾರಣಕ್ಕೆ. ಜನ ಹೇಳಿದ್ದನ್ನ ಬರ್ಕೊಳ್ಳೋದು ಡೇಟಾ, ಜನ ಏನನ್ನ ಹೇಳೋದಕ್ಕೆ ತಮಗೆ ಹಕ್ಕಿದೆ ಅಂದ್ಕೊಂಡಿದಾರೆ ಅನ್ನೋದೂ ಅದರೊಳಗೆ ಸೇರ್ಕೊಂಡಿರುತ್ತೆ. ಹಂಗಾಗಿ ಕೊಪ್ಪಳದ ಸರ್ವೆಯಲ್ಲಿ ಕಂಡ ಅಂತರ ನಿಜವಾದ ಅಂತರಕ್ಕಿಂತ ಕಮ್ಮೀನೇ ಇರಬೇಕು ಅಂತ ನನ್ನ ಅನಿಸಿಕೆ, ಯಾಕಂದ್ರೆ ತನಗೆ ಕಾಯಿಲೆ ಇದೆ ಅಂತ ಹೇಳಿದ ಹೆಂಗಸು ಮಾತ್ರ ಆ ಲೆಕ್ಕದೊಳಗೆ ಬರ್ತಾಳೆ, ಹೇಳದೇ ಇದ್ದ ಆ ಚಹಾ ಕೊಟ್ಟ ಅಕ್ಕನಂಥೋರು ಬರೋದೇ ಇಲ್ಲ.

ಈಗ ಎರಡನೇ ಖಾನೆ, ಶುರು ಮಾಡಿ ಬಿಟ್ಟೋರು. ಇಲ್ಲಿ ದುಡ್ಡಿನ ಮಾತು ಬರುತ್ತೆ. ಕೈಲಿರೋ ದುಡ್ಡು ಎಲ್ಲರ ಔಷಧಿಗೂ ಸಾಲಲ್ಲ ಅಂದಾಗ ಮನೆ ಒಂದು ರೇಷನ್ ಅಂಗಡಿ ಥರ ಆಗುತ್ತೆ, ಯಾರಿಗೆ ಕೊಡೋದು ಯಾರದ್ದು ತಡೆಯೋದು ಅಂತ ಯಾರೋ ತೀರ್ಮಾನ ಮಾಡ್ತಾರೆ, ಎಷ್ಟೋ ಸಲ ಬಾಯಿಬಿಟ್ಟು ಮಾತಾಡದೇನೇ ತೀರ್ಮಾನ ಆಗಿಬಿಡುತ್ತೆ. ಒಟ್ಟಾರೆ ನೋಡಿದ್ರೆ ಈ ರೇಷನ್ನಿನ ಏಟು ಬಡ ಹೆಂಗಸರ ಮೇಲೆ ಬಿದ್ದಿತ್ತು. ಅಷ್ಟಕ್ಕೇ ನಿಲ್ಲಿಸಿದ್ರೆ ಇದೂ ನಾವು ಊಹಿಸಬಹುದಾದ ರಿಸಲ್ಟೇ. ತಂಡ ಬಡವರನ್ನ ಒಂದೇ ಗುಂಪು ಅಂತ ಇಟ್ಕೊಳ್ಳದೆ ಬಡವರು, ಕಡುಬಡವರು ಅಂತ ಒಡೆದು ನೋಡ್ತು, ಆವಾಗ ಚಿತ್ರ ಬದಲಾಯ್ತು. ಬಡವರ ಮನೆಗಳಲ್ಲಿ ಔಷಧಿ ಬಿಡೋ ಭಾರ ಪೂರ್ತಿ ಹೆಂಗಸರ ತಲೆ ಮೇಲೆ, ಆ ಮನೆ ಗಂಡಸರಿಗೆ ಅದರ ಬಿಸಿ ತಟ್ಟಿರಲಿಲ್ಲ. ಕಡುಬಡವರ ಮನೆಗಳಲ್ಲಿ ಗಂಡಸರೂ ಬಿಟ್ಟಿದ್ರು. ಹಿಂಗೆ ಗಂಡು ಹೆಣ್ಣು ಸಮ ಆಗೋದನ್ನ ಅವರು ವಿಕೃತವಾದ ಸರಿಸಮ ಅನ್ನೋ ಅರ್ಥ ಬರೋ ಹೆಸರಿಟ್ಟು ಕರೆದ್ರು. ಇದು ತೀವ್ರ ಬಡತನದ ಫಲ, ಯಾರ ಮನಸ್ಸು ಬದಲಾಗಿದ್ದರ ಫಲಾನೂ ಅಲ್ಲ.

ಒಂದು ಲೆಕ್ಕ ಹಾಕ್ತೀನಿ, ಇದು ಸ್ಟಡಿಯ ಅಂಕಿ ಅಲ್ಲ, ಅರ್ಥ ಆಗ್ಲಿ ಅಂತ ನಾನೇ ಕಟ್ಟಿದ್ದು. ಒಂದು ಗುಂಪಲ್ಲಿ ಕಾಯಿಲೆ ಇರೋ ನೂರು ಗಂಡಸರಲ್ಲಿ 80 ಜನ ಔಷಧಿ ಮುಂದುವರ್ಸಿದಾರೆ, ನೂರು ಹೆಂಗಸರಲ್ಲಿ 50, ಅಂತರ 30. ಇನ್ನೊಂದು ಗುಂಪಲ್ಲಿ ಗಂಡಸರು 52, ಹೆಂಗಸರು 50, ಅಂತರ 2. ಬರೀ ಅಂತರದ ಕಾಲಂ ನೋಡೋ ಆಫೀಸರ್‌ಗೆ ಎರಡನೇ ಗುಂಪು ಮಾದರಿ ಗ್ರಾಮ ಥರ ಕಾಣುತ್ತೆ, ಪ್ರಶಸ್ತಿನೂ ಕೊಟ್ಟಾನು. ಹೆಂಗಸರ 50 ಹಂಗೇ ಇದೆ ಅನ್ನೋದು ಆ ಕಾಲಂನಲ್ಲಿ ಕಾಣೋದೇ ಇಲ್ಲ. ಅಸಮಾನತೆ ಬಗ್ಗೆ ಬರೋ ಸೂಚ್ಯಂಕಗಳಲ್ಲಿ ಎಷ್ಟೋ ಅನುಪಾತದ ಮೇಲೆ ನಿಂತಿರ್ತವೆ, ಹೆಣ್ಣಿನ ಅಂಕಿ ಭಾಗಿಸು ಗಂಡಿನ ಅಂಕಿ, ಒಂದರ ಹತ್ರ ಬಂದ್ರೆ ಭೇಷ್. ಕೊಪ್ಪಳದ ಕೇಸ್ ಓದಿದ್ಮೇಲೆ ಅಂಥ ಟೇಬಲ್ ಸಿಕ್ರೆ ನಾನು ಮೊದಲು ಕೇಳೋದು ಛೇದದಲ್ಲಿರೋ ಅಂಕಿ, ಅಂದ್ರೆ ಗಂಡಸರ ಅಂಕಿ, ಏನಾಯ್ತು ಅಂತ.

ಈ ಎರಡು ಥರದ ಮನೆಗಳೂ ನನಗೆ ಗೊತ್ತು. ಬಡವರ ಮನೆ ಅಂದ್ರೆ ನಮ್ಮ ದೊಡ್ಡಪ್ಪನ ಮನೆ. ನಾಲ್ಕೆಕರೆ ಒಣ ಹೊಲ, ಎರಡು ಎತ್ತು, ಸಾಲ, ಊಟಕ್ಕೇನು ಕಮ್ಮಿ ಇರಲಿಲ್ಲ. ದೊಡ್ಡಪ್ಪಗೆ ಬಿಪಿ, ದೊಡ್ಡವ್ವಗೆ ಶುಗರ್. ದೊಡ್ಡಪ್ಪನ ಗುಳಿಗೆ ಯಾವತ್ತೂ ತಪ್ಪಿದ್ದು ನಾನು ನೋಡಿಲ್ಲ, ಖಾಲಿ ಆಗೋ ಮುಂಚೆ ಯಾರಾದ್ರೂ ಕುಕನೂರಿಗೆ ಹೋಗೋರ ಕೈಲಿ ಚೀಟಿ ಕೊಟ್ಟು ತರಿಸ್ತಿದ್ರು, ಆ ಚೀಟಿ ಕೊಡೋದು ದೊಡ್ಡವ್ವಾನೇ. ತನ್ನ ಗುಳಿಗೆ ಚೀಟಿ ಅದರ ಜೊತೆ ಸೇರಿಸ್ತಿರಲಿಲ್ಲ. ನಾನು ಒಂದ್ಸಲ ಕೇಳಿದ್ದಕ್ಕೆ, "ನಾ ಮನ್ಯಾಗ ಇರಾಕಿ ಅಲ್ಲೇನ್ ತಮ್ಮಾ, ಅವ್ರು ಹೊರಗ ತಿರುಗಾಡಿ ದುಡಿಯೋರು" ಅಂದ್ಲು. ಬೆಳಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿದು, ಹೊಲಕ್ಕೆ ಬುತ್ತಿ ಹೊತ್ತು, ಕಳೆ ತೆಗೆದು, ಸಂಜೆ ಮೇವು ಹೊತ್ಕೊಂಡು ಬರೋಳು ಹೇಳಿದ ಮಾತು ಇದು. ದೊಡ್ಡಪ್ಪ ಕೆಟ್ಟೋರಲ್ಲ, ಒಂದು ದಿನ ಕೈ ಎತ್ತಿದೋರಲ್ಲ, ಆದ್ರೂ ಮನೆ ಒಳಗಿನ ಲೆಕ್ಕ ಹಂಗೇ ನಡೀತಿತ್ತು.

ಇನ್ನೊಂದು ಮನೆ ಸರ್ವೆಯಲ್ಲಿ ಸಿಕ್ಕಿದ್ದು. ಹೊಲ ಇಲ್ಲ, ಕೂಲಿ, ವರ್ಷದಲ್ಲಿ ಆರು ತಿಂಗಳು ಗುಳೆ. ಗಂಡನಿಗೆ ದಮ್ಮು, ಹೆಂಡತಿಗೆ ಫಿಟ್ಸ್. ಚಿಕಿತ್ಸೆ ನಿಲ್ಲಿಸಿದ ಕಾರಣ ಅನ್ನೋ ಕಡೆ ಬಂದಾಗ ಆ ಅಣ್ಣ ತಾನಾಗೇ ಹೇಳಿದ್ದು, "ಮೊದ್ಲ ಆಕೀದ್ ಬಿಡ್ಸಿದ್ವಿ. ಆಮ್ಯಾಗ ನಂದೂ ಬಿಟ್ಟೆ." ಫಾರ್ಮಲ್ಲಿ ಇಬ್ಬರ ಎದುರಿಗೂ ಒಂದೇ ಕೋಡ್ ಬಿತ್ತು, ಹಣದ ತೊಂದರೆ ಅಂತ. ಮೊದ್ಲ, ಆಮ್ಯಾಗ ಅನ್ನೋದನ್ನ ಬರೆಯೋಕೆ ಜಾಗಾನೇ ಇರಲಿಲ್ಲ. ಎಕ್ಸೆಲ್ ಶೀಟಲ್ಲಿ ಆ ಇಬ್ಬರೂ ಸಮ.

ಲೆಕ್ಕದ ವಿಧಾನದ ಬಗ್ಗೆ ಎರಡು ಮಾತು ಹೇಳ್ಲೇಬೇಕು, ಯಾಕಂದ್ರೆ ಈ ಕೇಸಿನ ಜೀವ ಅಲ್ಲಿದೆ. ಸಾಮಾನ್ಯವಾಗಿ ನಾವು ಕ್ಲಾಸಲ್ಲಿ ಕಲಿಯೋದು ಏನು, ಲಾಜಿಸ್ಟಿಕ್ ರಿಗ್ರೆಷನ್‌ನಲ್ಲಿ, ಅಂದ್ರೆ ಒಂದು ವಿಷಯ ಆಗೋ ಸಾಧ್ಯತೆ ಮೇಲೆ ಯಾವ್ಯಾವ ಅಂಶದ ಪರಿಣಾಮ ಎಷ್ಟು ಅಂತ ಅಳೆಯೋ ಲೆಕ್ಕದಲ್ಲಿ, ಲಿಂಗ ಒಂದು ವೇರಿಯೆಬಲ್, ಆರ್ಥಿಕ ಸ್ಥಿತಿ ಇನ್ನೊಂದು ವೇರಿಯೆಬಲ್, ಎರಡನ್ನೂ ಪಕ್ಕಪಕ್ಕ ಹಾಕಿ ಲಿಂಗದ ಪರಿಣಾಮ ಇಷ್ಟು, ಬಡತನದ ಪರಿಣಾಮ ಇಷ್ಟು ಅಂತ ಓದೋದು. ಹಿಂಗೆ ಮಾಡಿದಾಗ ನಾವು ಗೊತ್ತಿಲ್ದೇನೇ ಒಂದು ಮಾತು ಒಪ್ಕೊಂಡಿರ್ತೀವಿ, ಹೆಣ್ಣಾಗಿರೋದರ ಏಟು ಸಾಹುಕಾರರ ಮನೇಲೂ ಕಡುಬಡವರ ಮನೇಲೂ ಒಂದೇ ಅಳತೇದು ಅಂತ. ಕೊಪ್ಪಳ ತಂಡ ಜನರನ್ನ ಆರು ಗುಂಪು ಮಾಡ್ತು, ಅನುಕೂಲಸ್ಥ ಗಂಡಸರು, ಅನುಕೂಲಸ್ಥ ಹೆಂಗಸರು, ಬಡ ಗಂಡಸರು, ಬಡ ಹೆಂಗಸರು, ಕಡುಬಡ ಗಂಡಸರು, ಕಡುಬಡ ಹೆಂಗಸರು. ಆರು ಗುಂಪಂದ್ರೆ ಹದಿನೈದು ಜೋಡಿ. ಒಂದೊಂದು ಗುಂಪನ್ನೂ ಬೇರೆ ಗುಂಪುಗಳ ಎದುರು ನಿಲ್ಲಿಸಿ ನೋಡಬಹುದು. ಗೀತಾ ಸೇನ್, ಅದಿತಿ ಅಯ್ಯರ್, ಚಂದನ್ ಮುಖರ್ಜಿ ಸೇರಿ 2009ರಲ್ಲಿ ಈ ವಿಧಾನದ ಮೇಲೇ ಬೇರೆ ಪೇಪರ್ ಬರೆದ್ರು. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಏನೂ ಬೇಡ, ನಮ್ಮ ಯೂನಿವರ್ಸಿಟಿ ಲ್ಯಾಬಲ್ಲಿರೋ ಹಳೇ ಕಂಪ್ಯೂಟರಲ್ಲೂ ಆಗುತ್ತೆ, ಬೇಕಾಗಿರೋದು ಗುಂಪು ಹೆಂಗೆ ಒಡೀಬೇಕು ಅನ್ನೋ ಯೋಚನೆ. ಸರಾಸರಿ ಅನ್ನೋದು ಗಾಣ ಇದ್ದಂಗೆ, ಒಳಗೆ ಯಾವ್ಯಾವ ಕಾಳು ಹಾಕಿದ್ರಿ ಅನ್ನೋದು ಹೊರಗೆ ಬಂದ ಎಣ್ಣೇಲಿ ಗೊತ್ತಾಗಲ್ಲ.

ಹಿಂಗೆ ಆರು ಗುಂಪು ಮಾಡಿದ್ದರಿಂದ ಇನ್ನೊಂದು ಪ್ರಶ್ನೆ ಹುಟ್ಟಿತು. ತುತ್ತತುದಿಯಲ್ಲಿ ಯಾರಿದ್ದಾರೆ, ತಳದಲ್ಲಿ ಯಾರಿದ್ದಾರೆ ಅಂತ ಹೇಳೋಕೆ ಸ್ಟಡಿನೇ ಬೇಡ. ಮಧ್ಯದಲ್ಲಿರೋರು ಹೆಂಗೆ? ಅನುಕೂಲಸ್ಥ ಮನೆ ಹೆಂಗಸಿಗೆ ದುಡ್ಡಿನ ಬಲ ಇದೆ, ಹೆಣ್ಣಾಗಿರೋ ಅಡ್ಡಿ ಇದೆ. ಬಡ ಮನೆ ಗಂಡಸಿಗೆ ದುಡ್ಡಿನ ಅಡ್ಡಿ ಇದೆ, ಗಂಡಾಗಿರೋ ಬಲ ಇದೆ. 2012ರಲ್ಲಿ ಸೋಷಿಯಲ್ ಸೈನ್ಸ್ ಅಂಡ್ ಮೆಡಿಸಿನ್ ಜರ್ನಲ್‌ನಲ್ಲಿ ಗೀತಾ ಸೇನ್ ಮತ್ತೆ ಅದಿತಿ ಅಯ್ಯರ್ ಇವರ ಬಗ್ಗೇನೇ ಬರೆದ್ರು, ಈ ಮಧ್ಯದೋರು ತಮ್ಮ ಹತ್ರ ಇರೋ ಒಂದು ಬಲವನ್ನ ಇಟ್ಕೊಂಡು ಇನ್ನೊಂದು ಕೊರತೆಯನ್ನ ಹೆಂಗೆ ದಾಟ್ತಾರೆ ಅಂತ. ಕಡುಬಡ ಹೆಂಗಸಿಗೆ ಹಿಂಗೆ ಹಿಡ್ಕೊಳ್ಳೋಕೆ ಯಾವ ಕೊಂಬೆನೂ ಇಲ್ಲ.

ಈ ಸ್ಟಡಿಯನ್ನ ಕಣ್ಣುಮುಚ್ಚಿ ಒಪ್ಕೊಳ್ಳಿ ಅಂತಿಲ್ಲ. ಮುಖ್ಯವಾಗಿ ಇದು ಒಂದು ಸಲದ ಸರ್ವೆ. ಬಡವರಾಗಿದ್ದ ಒಂದು ಮನೆ ಕಡುಬಡತನಕ್ಕೆ ಜಾರಿದಾಗ ಗಂಡನ ಔಷಧಿ ನಿಲ್ತು ಅಂತ ಇದು ತೋರಿಸಲ್ಲ, ಒಂದೇ ಹೊತ್ತಲ್ಲಿ ಬೇರೆ ಬೇರೆ ಮನೆಗಳನ್ನ ಪಕ್ಕಪಕ್ಕ ಇಟ್ಟು ತೋರಿಸುತ್ತೆ. ನಾನು ಮೇಲೆ ಅಂತರ ಕಮ್ಮಿ ಆಯ್ತು ಅಂತ ಬರೆದಿದ್ದು ಆ ಅರ್ಥದಲ್ಲಿ, ಗುಂಪಿಂದ ಗುಂಪಿಗೆ, ವರ್ಷದಿಂದ ವರ್ಷಕ್ಕೆ ಅಲ್ಲ. ಇನ್ನೊಂದು ಸಂಕಟದ ವಿಷಯ, ಔಷಧಿ ಬಿಟ್ಟು ಸತ್ತುಹೋದೋರು ಇಂಥ ಸರ್ವೆಯಲ್ಲಿ ಸಿಗಲ್ಲ. ಮನೆ ಬಾಗಿಲು ತಟ್ಟಿದಾಗ ಬದುಕಿದ್ದೋರ ಬಗ್ಗೆ ಮಾತ್ರ ಪ್ರಶ್ನೆ. ಕಡುಬಡವರಲ್ಲಿ ಅಂಥೋರು ಜಾಸ್ತಿ ಇದ್ರೆ ಆ ಗುಂಪಿನ ಸ್ಥಿತಿ ಪೇಪರಲ್ಲಿ ಕಾಣೋದಕ್ಕಿಂತ ಕೆಟ್ಟದಾಗಿರುತ್ತೆ. ಜಾತಿದೂ ಪ್ರಶ್ನೆ ಇದೆ. ನಮ್ಮ ಕಡೆ ಆರ್ಥಿಕ ಸ್ಥಿತಿ ಅನ್ನೋದರ ಅರ್ಧ ಜಾತಿಯೇ, ಕೇರಿ ಎಲ್ಲಿದೆ ಅನ್ನೋದರಿಂದ ದವಾಖಾನೆ ಎಷ್ಟು ದೂರ, ಅಲ್ಲಿ ಹೆಂಗೆ ಮಾತಾಡಿಸ್ತಾರೆ ಎಲ್ಲಾ ತೀರ್ಮಾನ ಆಗುತ್ತೆ. ಆರು ಗುಂಪಿಗೆ ಜಾತಿನೂ ಸೇರಿಸಿದ್ರೆ ಗುಂಪುಗಳು ಜಾಸ್ತಿ ಆಗಿ ಒಂದೊಂದರಲ್ಲಿ ಜನ ಕಮ್ಮಿ ಆಗ್ತಾರೆ, ಲೆಕ್ಕ ಅಲ್ಲಾಡೋಕೆ ಶುರು ಆಗುತ್ತೆ, ಇದು 12,328 ಜನರ ಸರ್ವೆಗೂ ಇರೋ ಕಷ್ಟ.

ಇದೇ ತಂಡ ಆಮೇಲೆ ಕೊಪ್ಪಳದಲ್ಲೇ ಬಾಣಂತಿ ಸಾವುಗಳ ಬಗ್ಗೆನೂ ಕೆಲಸ ಮಾಡ್ತು, ಸತ್ತ ಹೆಣ್ಣುಮಗಳ ಮನೆಯವರನ್ನ ಕೂರಿಸ್ಕೊಂಡು ಮೊದಲ ನೋವಿಂದ ಕೊನೇ ಉಸಿರಿನ ತನಕ ಏನೇನಾಯ್ತು, ಯಾವ್ಯಾವ ಆಸ್ಪತ್ರೆಗೆ ಹೋದ್ರು, ಎಲ್ಲಿಂದ ಮುಂದೆ ಕಳಿಸಿದ್ರು ಅಂತ ಕೇಳಿ ಬರ್ಕೊಳ್ಳೋ ವಿಧಾನ. ಅದು ಬೇರೆ ದೊಡ್ಡ ವಿಷಯ, ಇಲ್ಲಿ ಬೆಳೆಸಲ್ಲ. ಆದ್ರೆ ಒಂದು ಹೇಳ್ತೀನಿ, ರಕ್ತಹೀನತೆ ಅನ್ನೋ ಪದ ಆ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತೆ, ವರ್ಷಗಟ್ಟಲೆ ಯಾರೂ ಕಾಯಿಲೆ ಅಂತ ಎಣಿಸದೇ ಇದ್ದ ಒಂದು ಸುಸ್ತು.

ಈ ಕೇಸ್ ಇಟ್ಕೊಂಡು ಸರ್ಕಾರದ ಸ್ಕೀಮುಗಳನ್ನ ನೋಡಿದ್ರೆ ಏನು ಕಾಣುತ್ತೆ ಅನ್ನೋದು ನನಗೆ ಮುಖ್ಯ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಮೊದಲು ಶುರು ಆಗಿದ್ದು ನಮ್ಮ ಉತ್ತರ ಕರ್ನಾಟಕದ ಭಾಗದಲ್ಲೇ, ಬಿಪಿಎಲ್ ಕಾರ್ಡಿನೋರಿಗೆ ಹೃದಯ, ಕ್ಯಾನ್ಸರ್ ಥರದ ದೊಡ್ಡ ಕಾಯಿಲೆಗಳಿಗೆ ಉಚಿತ ಚಿಕಿತ್ಸೆ. ಸ್ಕೀಮ್ ಇರೋ ಹಳ್ಳಿ, ಗಡಿ ಆಚೆ ಸ್ಕೀಮ್ ಇನ್ನೂ ಬರದ ಹಳ್ಳಿ ಹಿಂಗೆ 572 ಹಳ್ಳಿಗಳನ್ನ ಹೋಲಿಸಿದ ಸ್ಟಡಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಸ್ಕೀಮಿನ ಒಳಗೆ ಬರೋ ಕಾಯಿಲೆಗಳಿಂದ ಆದ ಸಾವು ಬಿಪಿಎಲ್ ಮನೆಗಳಲ್ಲಿ ಸ್ಕೀಮ್ ಇದ್ದ ಕಡೆ ಶೇ 0.32, ಇಲ್ಲದ ಕಡೆ ಶೇ 0.90. ಇದು ಬಹಳ ದೊಡ್ಡ ವ್ಯತ್ಯಾಸ, ಆ ಸ್ಕೀಮ್ ತಂದೋರಿಗೆ ನಾನು ಮನಸಾರೆ ಕೈ ಮುಗೀತೀನಿ. ಆದ್ರೆ ಅದು ಆಪರೇಷನ್ ಟೇಬಲ್ ತನಕ ಬಂದೋರ ಕಥೆ. ನಮ್ಮ ದೊಡ್ಡವ್ವನ ಶುಗರ್ ಗುಳಿಗೆ ಆ ಕಾರ್ಡಲ್ಲಿ ಬರ್ತಿರಲಿಲ್ಲ. ಈ ಥರದ ಕಾರ್ಡ್ ಸ್ಕೀಮುಗಳು ಜಾಸ್ತಿ ನೋಡ್ಕೊಳ್ಳೋದು ಆಸ್ಪತ್ರೆಗೆ ಸೇರಿದೋರನ್ನ, ಆದ್ರೆ ಮನೆಯೊಳಗಿನ ರೇಷನ್ ನಡೆಯೋದು ತಿಂಗಳ ಗುಳಿಗೆ, ಟಂಟಂ ಆಟೋ ಚಾರ್ಜು, ಒಂದು ದಿನದ ಕೂಲಿ ಇವುಗಳ ಮೇಲೆ.

ಕೊಪ್ಪಳದ ಮೂರು ಖಾನೆ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತೆ. ದುಡ್ಡಿಲ್ದೆ ಮಧ್ಯ ಬಿಟ್ಟೋರಿಗೆ ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ) ಪ್ರತೀ ತಿಂಗಳೂ ತಪ್ಪದೆ ಬಿಪಿ, ಶುಗರ್ ಗುಳಿಗೆ ಸಿಕ್ರೆ ಗಂಡಸರೂ ಉಳೀತಾರೆ, ಹೆಂಗಸರೂ ಉಳೀತಾರೆ. ಆದ್ರೆ ಮೊದಲನೇ ಖಾನೆಯ ಹೆಂಗಸು, ದುಡ್ಡಿದ್ದೂ ದವಾಖಾನೆ ಕಾಣದೋಳು, ಅವಳಿಗೆ ಗುಳಿಗೆ ಪುಕ್ಕಟೆ ಮಾಡಿದ್ರೂ ಅಷ್ಟಾಗಿ ಏನೂ ಆಗಲ್ಲ, ಯಾಕಂದ್ರೆ ಅವಳನ್ನ ತಡೆದಿದ್ದು ರೇಟ್ ಅಲ್ಲವೇ ಅಲ್ಲ. ಅವಳ ಹತ್ರ ಯಾರಾದ್ರೂ ಮನೆಗೇ ಬಂದು ಬಿಪಿ ಮಷಿನ್ ಕಟ್ಟಿ, ಯವ್ವಾ ಇದು ಬ್ಯಾನಿ ಐತಿ ಅಂತ ಹೇಳ್ಬೇಕು, ಮನೆ ಮಂದಿ ಎದುರಿಗೆ ಹೇಳ್ಬೇಕು. ಎರಡಕ್ಕೂ ಒಂದೇ ಮದ್ದು ಅಂತ ಹೋದ್ರೆ ಒಂದು ಗುಂಪು ಪಕ್ಕಾ ತಪ್ಪಿಹೋಗುತ್ತೆ.

2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಫ್ರೀ ಆಗಿದೆ, ಅದೇ ವರ್ಷ ಆಗಸ್ಟ್‌ನಿಂದ ಗೃಹಲಕ್ಷ್ಮಿ ಎರಡು ಸಾವಿರ ಮನೆಯೊಡತಿ ಖಾತೆಗೆ ಬರ್ತಿದೆ. ಇವೆರಡೂ ನೇರವಾಗಿ ಆ ಮನೆಯೊಳಗಿನ ರೇಷನ್ನಿಗೆ ಕೈ ಹಾಕೋ ವಿಷಯಗಳು, ದವಾಖಾನೆಗೆ ಹೋಗೋ ಚಾರ್ಜು ಯಾರನ್ನ ಕೇಳ್ಬೇಕು ಅನ್ನೋದೇ ಬದಲಾಗುತ್ತೆ. ಅದೇ 60 ಹಳ್ಳಿಗೆ ಅದೇ ಮೂರು ಖಾನೆ ಇಟ್ಕೊಂಡು ಮತ್ತೆ ಹೋಗೋ ಕೆಲಸ ಯಾರಾದ್ರೂ ಮಾಡ್ಬೇಕು, ನಮ್ಮ ಕಡೆ ಯೂನಿವರ್ಸಿಟಿಗಳ ಹುಡುಗ್ರೇ ಮಾಡಿದ್ರೆ ಇನ್ನೂ ಒಳ್ಳೇದು, ಬ್ಯಾನಿ ಅಂದ್ರೆ ಏನು, ಆರಾಮ ಇಲ್ಲ ಅಂದ್ರೆ ಏನು ಅನ್ನೋ ವ್ಯತ್ಯಾಸ ಅವರಿಗೆ ಯಾರೂ ಕಲಿಸಿಕೊಡೋದು ಬೇಡ.

ಹಂಗೆ ಹೋಗೋರಿಗೆ ನನ್ನದೊಂದು ಕೋರಿಕೆ. ಕಾಯಿಲೆ ಪ್ರಶ್ನೆಯನ್ನ ಯಜಮಾನ್ರಿಗೆ ಮಾತ್ರ ಕೇಳ್ಬೇಡಿ, ಹೆಂಗಸರನ್ನ ಬೇರೆ ಕೂರಿಸಿ ಕೇಳಿ, ಕಾಯಿಲೆ ಇದೆಯಾ ಅಂತ ಕೇಳೋ ಬದಲು ಸೊಂಟ, ಮಂಡಿ, ಎದೆ, ಸುಸ್ತು, ಬಿಳಿ ಹೋಗೋದು ಅಂತ ಒಂದೊಂದಾಗಿ ಹೆಸರಿಡಿದು ಕೇಳಿ. ಮತ್ತೆ ಒಂದೇ ಮನೇಲಿ ಇಬ್ಬರು ಔಷಧಿ ಬಿಟ್ಟಿದ್ರೆ ಯಾರದ್ದು ಮೊದಲು ನಿಂತಿತು, ಎಷ್ಟು ತಿಂಗಳ ಮೇಲೆ ಇನ್ನೊಬ್ಬರದ್ದು ನಿಂತಿತು ಅಂತ ಒಂದು ಸಾಲು ಸೇರಿಸಿ. ಹೋದ ತಿಂಗಳು ಒಬ್ಬ ಗೆಳೆಯನ ತಂಡದ ಫಾರ್ಮಿಗೆ ನಾನು ಈ ಸಾಲು ಹಾಕ್ಸಿದ್ದೆ, ಫಾರ್ಮ್ ಉದ್ದ ಆಯ್ತು ಅಂತ ಮೊದಲ ರೌಂಡಲ್ಲೇ ಅದನ್ನ ತೆಗೆದಿದ್ರು. ಬೇಕಾದ್ರೆ ಬೇರೆ ಎರಡು ಪ್ರಶ್ನೆ ತೆಗೀರಿ ಅಂತ ವಾಪಸ್ ಬರೆದಿದೀನಿ, ಈ ವಾರ ಮತ್ತೆ ಮಾತಾಡೋಕೆ ಕೂರ್ತಿದೀವಿ.